ಮರದ ಅಚ್ಚಿನ ಬ್ರಷ್ ಕಾರು: ಹತ್ತು ತಿಂಗಳ ರಿಪೇರಿ ಲೆಕ್ಕ

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. 1910ರ ಒಂದು ಕಾರಿನ ಎಂಜಿನ್ ಶುರುಮಾಡುವ ಹ್ಯಾಂಡಲಿನ ಹಲ್ಲುಗಳನ್ನು ಅರ ಹಾಕಿ ಉಜ್ಜಿ ಹಾಳು ಮಾಡಿದವನು ನಾನು. ಹಲ್ಲಿಗೆ ಏನೂ ಆಗಿರಲಿಲ್ಲ. ನಾನು ತಿರುಗಿಸುತ್ತಿದ್ದ ದಿಕ್ಕೇ ತಪ್ಪಾಗಿತ್ತು. ಆ ಕಥೆ ಮುಂದೆ ಮೇ 25ರ ದಿನ ಬರುತ್ತದೆ. ಅಷ್ಟು ಹೊತ್ತಿಗೆ ನನ್ನ ಉಳಿದ ತಪ್ಪುಗಳೂ ನಿಮಗೆ ಪರಿಚಯವಾಗಿರುತ್ತವೆ.

ಕಾರು ನನ್ನದಲ್ಲ. ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ನಿಂದ ಅರ್ಧ ಗಂಟೆ ದೂರ. ಕೆಲಸ ಬ್ರೇಕ್ ಬಿಡಿಭಾಗ ಮಾಡುವ ಕಡೆ, ದಿನವಿಡೀ ಕಂಪ್ಯೂಟರ್ ಮುಂದೆ. ಎರಡು ಮನೆ ಆಚೆ ಎಂಬತ್ತೊಂದು ವರ್ಷದವರೊಬ್ಬರು ಇದ್ದಾರೆ. ಟೂಲ್ ರೂಮಿನಲ್ಲಿ ನಲವತ್ತು ವರ್ಷ ಡೈ ಮಾಡಿದ ಕೈ. ಇಲ್ಲಿ ಎಷ್ಟೇ ವಯಸ್ಸಾದವರನ್ನೂ ಹೆಸರು ಹಿಡಿದೇ ಕರೆಯಬೇಕು. ನನಗೆ ಇನ್ನೂ ಬಾಯಿ ಬರುವುದಿಲ್ಲ, ಅದಕ್ಕೆ ಅಜ್ಜ ಅಂತಲೇ ಬರೆಯುತ್ತೇನೆ. ಮಂಡಿ ಆಪರೇಷನ್ ಆದಮೇಲೆ ಅವರಿಗೆ ಬಗ್ಗಲು ಆಗುವುದಿಲ್ಲ. ಕಾರಿನ ಕೆಳಗೆ ಬಗ್ಗುವವನು ಒಬ್ಬ ಬೇಕಿತ್ತು, ನಾನು ಸಿಕ್ಕಿದೆ.

ಕಾರಿನ ಹೆಸರು ಬ್ರಷ್ ರನ್‌ಅಬೌಟ್. ಅಲಾನ್ಸನ್ ಬ್ರಷ್ ಎಂಬುವರು ಡಿಸೈನ್ ಮಾಡಿದ್ದು, ಫ್ರಾಂಕ್ ಬ್ರಿಸ್ಕೋ ದುಡ್ಡು ಹಾಕಿದ್ದು. ಒಂದೇ ಸಿಲಿಂಡರ್, ಇಬ್ಬರಿಗೆ ಸೀಟು, ಹಿಂದಿನ ಚಕ್ರಗಳಿಗೆ ಎರಡು ಕಡೆಯೂ ಚೈನು. 1907ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರುವಾಗಿ ಐದಾರು ವರ್ಷದಲ್ಲೇ ಮುಗಿದುಹೋಯಿತು. ಇದರ ವಿಶೇಷ ಏನೆಂದರೆ ಅಚ್ಚು, ಅಂದರೆ ಎಡಬಲದ ಚಕ್ರಗಳನ್ನು ಹೊರುವ ಆಕ್ಸಲ್, ಮರದ್ದು. ಚಾಸಿಸ್ ಮರದ್ದು. ಚಕ್ರವಂತೂ ಸರಿ, ಆಗ ಹೆಚ್ಚಿನವರದ್ದೂ ಮರದ್ದೇ. ಆದರೆ ಅಚ್ಚು!

2023 ಅಕ್ಟೋಬರ್ 14

ಬರೀ ನೋಡಿದ ದಿನ. ಕಾರು ಗ್ಯಾರೇಜಿನಲ್ಲಿ ಹನ್ನೊಂದು ವರ್ಷದಿಂದ ನಿಂತಿದೆ. ಎಂಜಿನ್ ಜಾಮ್ ಆಗಿಲ್ಲ, ಫ್ಲೈವೀಲ್ ಕೈಯಲ್ಲಿ ತಳ್ಳಿದರೆ ಅಲ್ಲಾಡುತ್ತದೆ. ಮುಂದಿನ ಅಚ್ಚಿನಲ್ಲಿ, ಎಡಗಡೆ ಸ್ಪ್ರಿಂಗ್ ಕೂರುವ ಬೋಲ್ಟಿನ ತೂತಿನಿಂದ ಹೊರಟು ಸುಮಾರು ಒಂಬತ್ತು ಇಂಚು ಸೀಳು. ದಬ್ಬಳ ಚುಚ್ಚಿ ನೋಡಿದೆ, ತೂತಿನ ಪಕ್ಕ ಅರ್ಧ ಇಂಚು ಸಲೀಸಾಗಿ ಒಳಗೆ ಹೋಯಿತು. ಬೋಲ್ಟಿನ ತುಕ್ಕು ಕುಡಿದು ಮರ ಕಪ್ಪಗಾಗಿದೆ. ಎರಡು ಮುಂದಿನ ಚಕ್ರದಲ್ಲೂ ಆರೆಕಾಲುಗಳು ಸಡಿಲ, ಹಿಡಿದು ಅಲ್ಲಾಡಿಸಿದರೆ ಹಳೆ ಮಂಚದ ಹಾಗೆ ಕಿರ್ ಅನ್ನುತ್ತವೆ.

ಅಜ್ಜನಿಗೆ ಒಂದೇ ಆಸೆ. ಮುಂದಿನ ಬೇಸಿಗೆಯೊಳಗೆ ನಮ್ಮ ಬೀದಿಯಲ್ಲಿ ಒಂದು ಸುತ್ತು.

ಅಕ್ಟೋಬರ್ 28

ಅಚ್ಚು ಬಿಚ್ಚಲು ಸ್ಪ್ರಿಂಗ್ ತೆಗೆಯಬೇಕು. ನಾಲ್ಕು ಮೂಲೆಗೂ ಕಾಯಿಲ್ ಸ್ಪ್ರಿಂಗ್. ಬಿಡಿಭಾಗದ ಅಂಗಡಿಯಿಂದ ಡೆಪಾಸಿಟ್ ಕಟ್ಟಿ ಸ್ಪ್ರಿಂಗ್ ಕಂಪ್ರೆಸರ್ ತಂದೆ. ಒಂದೂವರೆ ಗಂಟೆ ಅದನ್ನು ಸಿಕ್ಕಿಸಲು ಒದ್ದಾಡಿದೆ. ಅಜ್ಜ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಾ ನೋಡುತ್ತಿದ್ದರು. ಕೊನೆಗೆ ಕೇಳಿದರು, "ಅದನ್ನು ಒತ್ತಿ ಏನು ಮಾಡ್ತೀಯ?"

ಈಗಿನ ಕಾರಿನಲ್ಲಿ ಭಾರ ಸ್ಪ್ರಿಂಗಿನ ಮೇಲೆ ಕೂರುತ್ತದೆ. ಈ ಕಾರಿನಲ್ಲಿ ಭಾರ ಸ್ಪ್ರಿಂಗಿಗೆ ನೇತುಬೀಳುತ್ತದೆ. ನಮ್ಮ ಕಡೆ ಮಗುವಿನ ಜೋಲಿಗೆ ತೊಲೆಯಿಂದ ಸ್ಪ್ರಿಂಗ್ ಹಾಕುತ್ತಾರಲ್ಲ, ಅದೇ ಲೆಕ್ಕ. ಮಗುವನ್ನು ಎತ್ತಿಕೊಂಡರೆ ಸ್ಪ್ರಿಂಗ್ ತಾನೇ ಸಡಿಲ. ಚಾಸಿಸ್‌ಗೆ ಜ್ಯಾಕ್ ಕೊಟ್ಟು ಎತ್ತಿದೆ, ನಾಲ್ಕು ನಟ್ಟು ಬಿಚ್ಚಿದೆ, ಹತ್ತು ನಿಮಿಷದಲ್ಲಿ ಎರಡೂ ಸ್ಪ್ರಿಂಗ್ ಕೈಗೆ ಬಂದವು. ಕಂಪ್ರೆಸರ್ ವಾಪಸ್, ಡೆಪಾಸಿಟ್ ವಾಪಸ್, ಮರ್ಯಾದೆ ಮಾತ್ರ ಅಲ್ಲೇ ಉಳಿಯಿತು.

ಇನ್ನೊಂದು ಸಣ್ಣ ತಪ್ಪು: ಎಡದ ಬೋಲ್ಟು ಬಲದ ಬೋಲ್ಟು ಎಲ್ಲವನ್ನೂ ಒಂದೇ ಐಸ್‌ಕ್ರೀಂ ಡಬ್ಬಿಗೆ ಹಾಕಿದೆ. ನೂರು ವರ್ಷ ಒಂದೇ ತೂತಿನಲ್ಲಿ ಇದ್ದ ಬೋಲ್ಟು ಆ ತೂತಿಗೆ ಒಗ್ಗಿರುತ್ತದೆ. ವಾಪಸ್ ಹಾಕುವಾಗ ಇದಕ್ಕೇ ಅರ್ಧ ದಿನ ಹೋಯಿತು.

ನವೆಂಬರ್ 11 ಮತ್ತು 18

ಹಳೆಯದನ್ನೇ ಉಳಿಸೋಣ ಅಂತ ಮೊದಲ ಪ್ರಯತ್ನ. ಸೀಳಿನ ಒಳಗಿನ ಧೂಳು ತೆಗೆದು, ಸಿರಿಂಜ್‌ನಲ್ಲಿ ಎಪಾಕ್ಸಿ ತುಂಬಿ, ಐದು ಕ್ಲಾಂಪ್ ಬಿಗಿದು, ಒಂದು ವಾರ ಬಿಟ್ಟೆ. ಎಪಾಕ್ಸಿಗೆ 27 ಡಾಲರ್.

18ನೇ ತಾರೀಖು ಎರಡು ಮರದ ದಿಮ್ಮಿಯ ಮೇಲೆ ಅಚ್ಚು ಇಟ್ಟು, ನಡುವೆ ನಾನು ಹತ್ತಿ ನಿಂತೆ. ನನ್ನ ತೂಕ 74 ಕಿಲೋ. ಚಟ್ ಅಂದಿತು. ಅಂಟು ಹಾಕಿದ ಗೆರೆ ಹಾಗೇ ಇದೆ. ಅದರ ಪಕ್ಕದಲ್ಲೇ ಹೊಸ ಸೀಳು. ಅಜ್ಜ ನೋಡಿ, "ಅಂಟು ಚೆನ್ನಾಗಿದೆ, ಮರ ಸತ್ತಿದೆ" ಅಂದರು. ಆಮೇಲೆ ಚಾಕುವಿನಲ್ಲಿ ಅಚ್ಚನ್ನು ಒಂದಿಷ್ಟು ಕೆರೆದು, ಹಿಕರಿ ಅಂದರು. ಇಲ್ಲಿ ಕೊಡಲಿ ಸುತ್ತಿಗೆಗಳ ಕಾವಿಗೆ ಹಾಕುವ ಮರ ಅದು.

ಅವತ್ತೇ ಅವರು ಈ ಕಾರಿನ ಬಗ್ಗೆ ಇರುವ ಹಳೆಯ ತಮಾಷೆ ಹೇಳಿದ್ದು. ವುಡನ್ ಬಾಡಿ, ವುಡನ್ ಆಕ್ಸಲ್ಸ್, ವುಡನ್ ವೀಲ್ಸ್, ಅಂಡ್ ವುಡನ್ ರನ್. ಕೊನೆಯದನ್ನು ಬೇಗ ಹೇಳಿದರೆ 'ವುಡಂಟ್ ರನ್', ಅಂದರೆ 'ಓಡಲ್ಲ' ಅಂತ ಕೇಳಿಸುತ್ತದೆ. ನನಗೆ ಒಂದು ಕ್ಷಣ ತಡವಾಗಿ ನಗು ಬಂತು.

ಡಿಸೆಂಬರ್ 2 ಮತ್ತು 9

ಮರದಂಗಡಿಯಿಂದ ಹಿಕರಿ ತುಂಡು ತಂದೆ. ಐದಡಿ ಉದ್ದ, ಮೂರಿಂಚು ಚಚ್ಚೌಕ, 64 ಡಾಲರ್. ತೇವ ಅಳೆಯುವ ಮೀಟರ್ 38 ಡಾಲರ್. ಮೀಟರ್ ಚುಚ್ಚಿದರೆ 15 ಪರ್ಸೆಂಟ್ ತೋರಿಸಿತು. ಜಾಸ್ತಿ ಅಂತ ಗೊತ್ತಿತ್ತು. ಬೇಸ್‌ಮೆಂಟಿನಲ್ಲಿ ಹೀಟರ್ ಇದೆಯಲ್ಲ, ಒಣಗುತ್ತೆ ಬಿಡು ಅಂದುಕೊಂಡೆ. ಈ ಸಾಲನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಹಳೆ ಅಚ್ಚನ್ನು ಮೇಲಿಟ್ಟು ಗೆರೆ ಎಳೆದು, ಬ್ಯಾಂಡ್ ಗರಗಸದಲ್ಲಿ ಕುಯ್ದು, ತೋಪಡ ಹೊಡೆದು ನಯ ಮಾಡಿದೆ. ತುದಿಗಳಿಗೆ ಕಬ್ಬಿಣದ ತಲೆಗಳು ಕೂರುವ ಕಡೆ ಉಳಿಯಲ್ಲಿ ತೆಗೆದೆ. ಅಲ್ಲಿ ಕೆಲಸ ಚೆನ್ನಾಗಿಯೇ ಬಂತು. ತಾತ ಕಲಿಸಿದ್ದು ಕೈಯಲ್ಲಿ ಸ್ವಲ್ಪ ಉಳಿದಿದೆ ಅನ್ನಿಸಿತು. ನಮ್ಮ ತಾತ ಕಡೂರಿನ ಹತ್ತಿರ ಬಡಗಿ, ಎತ್ತಿನಗಾಡಿ ಮಾಡುತ್ತಿದ್ದರು. ಆ ಜಂಬದಲ್ಲೇ ಅವತ್ತೇ ಅರ್ಧ ಇಂಚಿನ ಬೈರಿಗೆ ಹಾಕಿ ಎಲ್ಲ ಬೋಲ್ಟಿನ ತೂತುಗಳನ್ನೂ ಹೊಡೆದುಬಿಟ್ಟೆ. ಹೀಟರಿನಿಂದ ಆರಡಿ ದೂರದಲ್ಲಿ ನಿಲ್ಲಿಸಿದೆ.

2024 ಜನವರಿ 13

ಅಚ್ಚು ಸೀಳಿತು. ಯಾರೂ ಮುಟ್ಟಲಿಲ್ಲ, ತಾನಾಗಿಯೇ. ಮಿಷಿಗನ್ ಚಳಿಗಾಲದಲ್ಲಿ ಹೀಟರ್ ಓಡುವ ಮನೆಯ ಗಾಳಿ ಹಪ್ಪಳದ ಹಾಗೆ ಒಣಗಿರುತ್ತದೆ. ಮರ ಮೇಲೆ ಬೇಗ ಒಣಗಿತು, ಒಳಗೆ ಒಣಗಲಿಲ್ಲ, ಬಿಗಿತಕ್ಕೆ ಸೀಳಲು ಜಾಗ ಹುಡುಕಿತು. ಜಾಗ ನಾನೇ ಕೊಟ್ಟಿದ್ದೆ: ಬೋಲ್ಟಿನ ತೂತು. ಇನ್ನೂ ಒಂದು ನೋಡಿದೆ. ಮರದ ಎಳೆ ಉದ್ದಕ್ಕೆ ನೇರ ಹೋಗದೆ ಓರೆಯಾಗಿ ಪಕ್ಕಕ್ಕೆ ಇಳಿದಿತ್ತು. ಒಂದು ತುದಿಯಲ್ಲಿ ಮೇಲಿದ್ದ ಗೆರೆ ನಡುವಿಗೆ ಬರುವಷ್ಟರಲ್ಲಿ ಕೆಳಗೆ. ಅಂಗಡಿಯಲ್ಲೇ ಕಾಣಬೇಕಿತ್ತು.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಅವರಿಗೆ ಬೆಳಗಿನ ಕಾಫಿ ಹೊತ್ತು.

"ಅಪ್ಪ, ಗಾಡಿ ಅಚ್ಚು ಸೀಳ್ತು."

"ಯಾವ ಗಾಡಿನೋ? ಅಲ್ಲಿ ಎತ್ತಿನಗಾಡಿ ಇದ್ಯಾ?"

"ಕಾರಪ್ಪ. ಹಳೇದು. ಮರದ ಅಚ್ಚು."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮರ ಕುಯ್ದಿದ್ದಾ, ಸೀಳಿದ್ದಾ?"

"ಕುಯ್ದಿದ್ದು."

"ಹಸೀನಾ ಒಣಗಿದ್ದಾ?"

"ಹದಿನೈದು ಪರ್ಸೆಂಟ್ ಇತ್ತು."

"ಪರ್ಸೆಂಟ್ ಗಿರ್ಸೆಂಟ್ ನಂಗೊತ್ತಿಲ್ಲ. ಬಡಿದ್ರೆ ಠಣ್ ಅನ್ಬೇಕು. ಅಂತಾ?"

"ದಬ್ ಅಂತು."

"ಮತ್ತೆ ಯಾಕ್ ಅಚ್ಚು ಮಾಡ್ದೆ? ಒಲೆಗಾಕು. ಜಾಲಿ ಸಿಗಲ್ವಾ ಅಲ್ಲಿ?"

ಜಾಲಿ ಸಿಗಲ್ಲ ಅಂದೆ. ಇಂಥ ಕಾರು ಎಷ್ಟು ದೂರ ಹೋದೀತು ಅಂತ ಕೇಳಿದರು. 1912ರಲ್ಲಿ ಫ್ರಾನ್ಸಿಸ್ ಬರ್ಟಲ್ಸ್ ಮತ್ತು ಸಿಡ್ ಫರ್ಗುಸನ್ ಇಬ್ಬರೂ ಒಂದು ಬ್ರಷ್ ಕಾರಿನಲ್ಲಿ ಆಸ್ಟ್ರೇಲಿಯಾವನ್ನೇ ದಾಟಿದರು, ಪಶ್ಚಿಮದ ಫ್ರೀಮ್ಯಾಂಟಲ್‌ನಿಂದ ಪೂರ್ವದ ಸಿಡ್ನಿವರೆಗೆ 28 ದಿನ, ಬಹುಪಾಲು ರಸ್ತೆಯೇ ಇಲ್ಲದ ಕಡೆ ಅಂತ ಹೇಳಿದೆ.

"ಹಂಗಾದ್ರೆ ಅವ್ರ ಅಚ್ಚು ಒಣಗಿದ ಮರದ್ದು ಬಿಡು" ಅಂದು ಫೋನನ್ನು ಅಮ್ಮನಿಗೆ ಕೊಟ್ಟರು.

ಫೆಬ್ರವರಿ 3

ಇಂಡಿಯಾನಾಗೆ ಮೂರು ಗಂಟೆ ಡ್ರೈವ್. ಅಲ್ಲಿ ಆಮಿಶ್ ಜನರ ಊರುಗಳಿವೆ. ಅವರು ಇವತ್ತಿಗೂ ಕುದುರೆಗಾಡಿಯಲ್ಲೇ ಓಡಾಡುತ್ತಾರೆ, ಹಾಗಾಗಿ ಮರದ ಚಕ್ರ ಮಾಡುವವರು ಅಲ್ಲಿ ಉಳಿದಿದ್ದಾರೆ. ಎರಡು ಮುಂದಿನ ಚಕ್ರ ಕೊಟ್ಟೆ. ಒಂದಕ್ಕೆ 325 ಡಾಲರ್, ಹೊಸ ಆರೆಕಾಲು, ಸುತ್ತಲಿನ ಹೊಸ ವಟ್ಟದ ಸಮೇತ, ನಡುವಿನ ಗುಂಭದ ಕಬ್ಬಿಣ ಹಳೆಯದೇ.

ಹಾಗೇ ನನ್ನ ಸೀಳಿದ ಅಚ್ಚನ್ನೂ ತೋರಿಸಿದೆ. ಆ ಮನುಷ್ಯ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ತುದಿಯಿಂದ ತುದಿಗೆ ಒಂದು ಸಲ ನೋಡಿ, ಏನೂ ಹೇಳದೆ ಹಿಂದಿನ ಕೊಟ್ಟಿಗೆಗೆ ಹೋದರು. ಹಿಕರಿಯ ಒಂದು ಸೀಳು ತಂದರು. ಗರಗಸದ್ದಲ್ಲ, ಬೆಣೆ ಹೊಡೆದು ಸೀಳಿದ್ದು, ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ್ದು. ಗೆಣ್ಣಿನಿಂದ ಬಡಿದರು. ಠಣ್ ಅಂತು. ನಾನು ಮೀಟರ್ ತೆಗೆಯಲಿಲ್ಲ. ಮನೆಗೆ ಬಂದಮೇಲೆ ಚುಚ್ಚಿದೆ, 9 ಪರ್ಸೆಂಟ್. ಬೆಲೆ 90 ಡಾಲರ್.

ಫೆಬ್ರವರಿ 17

ಚಕ್ರ ಬರುವವರೆಗೆ ಕಾಯಿಲ್ ಕೆಲಸ. ಈ ಕಾರಿನಲ್ಲಿ ಕಿಡಿ ಹುಟ್ಟಿಸುವುದು ಮರದ ಪೆಟ್ಟಿಗೆಯೊಳಗಿನ ಟ್ರೆಂಬ್ಲರ್ ಕಾಯಿಲ್. 6 ವೋಲ್ಟ್ ಕೊಟ್ಟರೆ ಮೇಲಿನ ತಗಡು ಜೇನುಹುಳದ ಹಾಗೆ ಗುಂಯ್ ಅನ್ನಬೇಕು. ನಮ್ಮದು ಅಂದಿತು, ಆದರೆ ಕಿಡಿ ಹಳದಿ, ನಿಶ್ಶಕ್ತಿ. ಪಾಯಿಂಟ್‌ಗಳನ್ನು ಎಷ್ಟು ಉಜ್ಜಿದರೂ ಅಷ್ಟೇ. ಒಳಗಿನ ಕಂಡೆನ್ಸರ್ ಹೋಗಿದೆ ಅಂತ ಅರ್ಥ. ಮೇಣ ಹಚ್ಚಿದ ಕಾಗದದ ಕಂಡೆನ್ಸರ್, ನೂರಹತ್ತು ವರ್ಷ ಬಾಳಿದ್ದೇ ಹೆಚ್ಚು.

ತೊಂದರೆ ಏನೆಂದರೆ ಪೆಟ್ಟಿಗೆ ತುಂಬಾ ಟಾರು ಸುರಿದಿದ್ದಾರೆ. ಬಿಸಿ ಮಾಡಿದರೆ ಕಾಯಿಲಿನ ಸುತ್ತಿಗೂ ಪೆಟ್ಟು. ಅಜ್ಜ ಹೇಳಿದ ಉಪಾಯ: ರಾತ್ರಿಯೆಲ್ಲ ಫ್ರೀಜರಿನಲ್ಲಿಡು, ಟಾರು ಗಾಜಿನ ಹಾಗೆ ಪುಡಿಯಾಗುತ್ತದೆ. ಇಟ್ಟೆ. ಬೆಳಿಗ್ಗೆ ನನ್ನ ಹೆಂಡತಿ ತೆಂಗಿನತುರಿ ಪ್ಯಾಕೆಟ್ ತೆಗೆಯಲು ಹೋಗಿ, "ಏನ್ರೀ ಇದು, ಯಾರ ಅಸ್ಥಿ ಇಟ್ಟಿದ್ದೀರ?" ಅಂತ ಕೂಗಿದಳು. ಪೆಟ್ಟಿಗೆಯ ಆಕಾರಕ್ಕೆ ಅನುಮಾನ ಬರುವಂಥದ್ದೇ.

ಉಪಾಯ ಫಲಿಸಿತು. ಸಣ್ಣ ಉಳಿಯಲ್ಲಿ ಟಾರು ಚೂರು ಚೂರಾಗಿ ಎದ್ದುಬಂತು. ಹಳೆ ಕಂಡೆನ್ಸರ್ ತೆಗೆದು 0.47 ಮೈಕ್ರೋಫ್ಯಾರಡ್, 400 ವೋಲ್ಟಿನ ಹೊಸ ಕೆಪಾಸಿಟರ್ ಬೆಸುಗೆ ಹಾಕಿದೆ. 6 ಡಾಲರ್. ಕಿಡಿ ಈಗ ನೀಲಿ, ಕಾಲು ಇಂಚು ಹಾರುತ್ತದೆ. ಹತ್ತು ತಿಂಗಳಲ್ಲಿ ಮೊದಲ ಸಲಕ್ಕೇ ಸರಿಹೋದ ಕೆಲಸ ಇದೊಂದೇ.

ಮಾರ್ಚ್ 30

ಎರಡನೇ ಅಚ್ಚು. ಈ ಸಲ ಮೂರು ವಾರ ಹೀಟರಿಲ್ಲದ ಗ್ಯಾರೇಜಿನಲ್ಲೇ ಬಿಟ್ಟಿದ್ದೆ, ಎರಡು ತುದಿಗೂ ಮೇಣ ಹಚ್ಚಿ. ಸೀಳಿದ ಮರಕ್ಕೆ ತೋಪಡ ಹೊಡೆಯುವ ಸುಖವೇ ಬೇರೆ. ಎಳೆಯ ಜೊತೆಗೇ ಹೋಗುತ್ತದೆ, ಎಲ್ಲೂ ಕಿತ್ತು ಬರುವುದಿಲ್ಲ. ಉದ್ದನೆಯ ಸುರುಳಿ ಬಿದ್ದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ತೂತು ಕೊನೆಯಲ್ಲಿ. ಮೊದಲು ಎಂಟು ಮಿಲಿಮೀಟರಿನ ಸಣ್ಣ ತೂತು, ಆಮೇಲೆ ಅರ್ಧ ಇಂಚು. ಎರಡೂ ಕಡೆಯಿಂದ ಹೊಡೆದು ನಡುವೆ ಸೇರಿಸಿದೆ, ಹಿಂದಿನ ಮುಖದಲ್ಲಿ ಮರ ಸಿಡಿಯದ ಹಾಗೆ.

ಆಮೇಲೆ ಬೆಚ್ಚಗಿನ ಅಗಸೆ ಎಣ್ಣೆ, ಮೂರು ದಿನ, ತೂತುಗಳ ಒಳಗೂ. 22 ಡಾಲರಿನ ಡಬ್ಬಿಯಲ್ಲಿ ಮುಕ್ಕಾಲು ಪಾಲು ಕುಡಿಯಿತು. ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನಾನು ಮೊದಲ ದಿನ ಎಸೆದಿದ್ದೆ. ಅಜ್ಜ ಅದನ್ನು ಇಕ್ಕಳದಲ್ಲಿ ಎತ್ತಿ ಹೊರಗೆ ಬೇಲಿಯ ಮೇಲೆ ಹರವಿದರು. ಅವರಿಗೆ ಕೋಪ ಬಂದದ್ದು ಆವತ್ತೊಂದೇ ದಿನ.

ಮೇ 4

ಚಕ್ರ ಬಂತು, ಅಚ್ಚು ಕೂತಿತು, ಸ್ಪ್ರಿಂಗ್ ಸೇರಿತು. ಹಳೆ ಬೋಲ್ಟು, ಹೊಸ ನಟ್ಟು ವಾಷರ್, 18 ಡಾಲರ್. ಚಾಸಿಸ್ ಇಳಿಸಿದಾಗ ಸ್ಪ್ರಿಂಗ್ ನಿಧಾನ ಎಳೆದುಕೊಂಡು ನಿಂತಿತು. ಅಚ್ಚು ಸದ್ದು ಮಾಡಲಿಲ್ಲ. ದಾರ ಕಟ್ಟಿ ನೋಡಿದೆ, ಚಕ್ರಗಳು ನೇರ ಇವೆ.

ಮೇ 25

ಈಗ ಆ ಕಥೆ.

ಅಜ್ಜ ಮಗಳ ಮನೆಗೆ ಹೋಗಿದ್ದರು. ಕೀಲಿ ನನ್ನ ಹತ್ತಿರ ಇತ್ತು. ಎಂಜಿನ್ ಸುಮ್ನೆ ಕೈಯಲ್ಲಿ ತಿರುಗಿಸಿ ಕಂಪ್ರೆಷನ್ ನೋಡೋಣ ಅಂತ ಹ್ಯಾಂಡಲ್ ಹಾಕಿದೆ. ಮುಂದೆ ನಿಂತು, ಗಡಿಯಾರದ ದಿಕ್ಕಿಗೆ ತಿರುಗಿಸಿದೆ. ಹ್ಯಾಂಡಲ್ ಹಿಡಿಯುವುದಿಲ್ಲ. ಟಕ್ ಟಕ್ ಅಂತ ಜಾರುತ್ತದೆ. ಒತ್ತಿ ಹಿಡಿದು ತಿರುಗಿಸಿದೆ, ಜಾರಿತು. ಇಪ್ಪತ್ತು ನಿಮಿಷ ಹೀಗೇ.

ಹ್ಯಾಂಡಲ್ ಬಿಚ್ಚಿ ಹಲ್ಲು ನೋಡಿದೆ. ಪ್ರತಿ ಹಲ್ಲಿಗೂ ಒಂದು ಮುಖ ನೇರ, ಇನ್ನೊಂದು ಮುಖ ಇಳಿಜಾರು. ಇಳಿಜಾರು ಮುಖ ನಾನು ತಿರುಗಿಸುವ ಕಡೆಗೇ ಇತ್ತು. ಸವೆದು ಹೀಗಾಗಿದೆ ಅಂತ ತೀರ್ಮಾನ ಮಾಡಿದೆ. ನೂರು ವರ್ಷದ ಸವಕಳಿ, ಸಹಜ ಅಲ್ವಾ? ವೈಸಿಗೆ ಕಚ್ಚಿಸಿ, ತ್ರಿಕೋನದ ಅರ ತೆಗೆದುಕೊಂಡು, ಇಳಿಜಾರನ್ನು ನೇರ ಮಾಡಲು ಹೊರಟೆ. ಮೂರು ಹಲ್ಲಿನ ಪೈಕಿ ಎರಡು ಮುಗಿದಿತ್ತು. ಎಷ್ಟು ಸಮನಾಗಿ ಸವೆದಿದೆಯಲ್ಲ ಅಂತ ಆಗ ಅನ್ನಿಸಿತು. ಮೂರೂ ಒಂದೇ ಕೋನ. ಸವೆದದ್ದು ಹಾಗೆ ಸವೆಯುವುದಿಲ್ಲ.

ಅರ ಕೆಳಗಿಟ್ಟೆ. ಶೆಲ್ಫಿನ ಮೇಲೆ ಕಾರಿನ ಹಳೆಯ ಕೈಪಿಡಿಯ ನಕಲು ಇತ್ತು. ಅಕ್ಟೋಬರಿನಿಂದ ಅಲ್ಲೇ ಇತ್ತು. ತೆಗೆದು ನೋಡಿದೆ. ಬ್ರಷ್ ಎಂಜಿನ್ ಎಲ್ಲ ಕಾರಿನ ಹಾಗಲ್ಲ, ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಎಡಕ್ಕೆ.

ಯಾಕೆ ಹಾಗೆ ಅಂತ ಹ್ಯಾಂಡಲ್ ಮುಂದೆ ನಿಂತರೆ ತಿಳಿಯುತ್ತದೆ. ಸೆಲ್ಫ್ ಸ್ಟಾರ್ಟರ್ ಇಲ್ಲದ ಕಾಲ. ಎಂಜಿನ್ ಒಮ್ಮೊಮ್ಮೆ ಉಲ್ಟಾ ಒದೆಯುತ್ತಿತ್ತು, ಮಣಿಕಟ್ಟು ಮುರಿಯುತ್ತಿತ್ತು. ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯುವುದು ಕ್ಷೇಮ, ಉಲ್ಟಾ ಒದ್ದರೆ ಬೆರಳು ಬಿಚ್ಚಿಕೊಂಡು ಹ್ಯಾಂಡಲ್ ಜಾರಿಹೋಗುತ್ತದೆ. ಮಾಮೂಲಿ ಕಾರಿನಲ್ಲಿ ಹಾಗೆ ಎಳೆಯಲು ಎಡಗೈ ಬೇಕು. ಎಡಕ್ಕೆ ತಿರುಗುವ ಎಂಜಿನ್ನಾದರೆ ಬಲಗೈಯಲ್ಲೇ ಎಳೆಯಬಹುದು. ಬಲಗೈಯವರೇ ಜಾಸ್ತಿ ಅಂತ ಬ್ರಷ್ ಇಡೀ ಎಂಜಿನ್ನನ್ನೇ ತಿರುಗಿಸಿಬಿಟ್ಟಿದ್ದರು. ನಾನು ಅದನ್ನು ಸವಕಳಿ ಅಂದುಕೊಂಡು ಉಜ್ಜಿದೆ.

ಅಜ್ಜನಿಗೆ ಆವತ್ತೇ ಹೇಳಲಿಲ್ಲ. ಮಾರನೇ ದಿನ ಸಂಜೆ ಹೇಳಿದೆ. ಹ್ಯಾಂಡಲ್ ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಹಲ್ಲನ್ನು ಕಣ್ಣಿನ ಹತ್ತಿರ ತಂದು ನೋಡಿದರು. "ಅರದ ಕೆಲಸ ನೀಟಾಗಿದೆ" ಅಂದರು. ಅಷ್ಟೇ.

ಜೂನ್ 15

ಪರಿಚಯದ ವೆಲ್ಡರ್ ಒಬ್ಬರು ಎರಡು ಹಲ್ಲಿಗೂ ಲೋಹ ತುಂಬಿಕೊಟ್ಟರು. 120 ಡಾಲರ್, ನನ್ನ ಜೇಬಿನಿಂದ. ಉಳಿದ ಮೂರನೇ ಹಲ್ಲನ್ನು ಮಾದರಿ ಇಟ್ಟುಕೊಂಡು ಅಜ್ಜನೇ ಅರ ಹಾಕಿ ಆಕಾರಕ್ಕೆ ತಂದರು. ನನ್ನ ಕೈಗೆ ಅರ ಕೊಡಲಿಲ್ಲ.

ಜೂನ್ 22 ಮತ್ತು 29

ಕಾರ್ಬ್ಯುರೇಟರ್. ಒಳಗಿನ ತೇಲುಬುರುಡೆ ಕಾರ್ಕಿನದ್ದು. ಕಾರ್ಕ್ ಪೆಟ್ರೋಲ್ ಕುಡಿಯಬಾರದು ಅಂತ ಮೇಲೆ ಅರಗಿನ ಲೇಪ ಕೊಡುವುದು ಹಳೆಯ ಪದ್ಧತಿ. ಅರಗಿನ ಪುಡಿ ತಂದು, 14 ಡಾಲರ್, ಸ್ಪಿರಿಟ್‌ನಲ್ಲಿ ಕರಗಿಸಿ ಎರಡು ಕೋಟ್ ಬಳಿದೆ. ಬಂಕಿನಿಂದ ಪೆಟ್ರೋಲ್ ತಂದು ಹಾಕಿದೆ.

ವಾರದ ನಂತರ ನೆಲದ ಮೇಲೆ ಪೆಟ್ರೋಲ್. ಬಿಚ್ಚಿ ನೋಡಿದರೆ ಕಾರ್ಕ್ ಮುಳುಗಿದೆ, ತಳದಲ್ಲಿ ಬೆಲ್ಲದ ಪಾಕದ ಹಾಗೆ ಕಂದು ಅಂಟು. ಇಲ್ಲಿನ ಬಂಕಿನ ಪೆಟ್ರೋಲಿನಲ್ಲಿ 10 ಪರ್ಸೆಂಟ್ ಎಥನಾಲ್ ಇರುತ್ತದೆ. ಅರಗು ಕರಗುವುದೇ ಅದರಲ್ಲಿ. ನಮ್ಮ ತಾತ ಪಾಲಿಷ್ ಮಾಡಲು ಅರಗನ್ನು ಸ್ಪಿರಿಟ್ ಬಾಟಲಿಗೆ ಹಾಕಿ ಬಿಸಿಲಿಗಿಡುತ್ತಿದ್ದರು, ಬಾಟಲಿ ಅಲ್ಲಾಡಿಸುವ ಕೆಲಸ ನನ್ನದು. ಹೋದ ವಾರ ನಾನೇ ಹಾಗೆ ಕರಗಿಸಿದ್ದೆ. ಆದರೂ ಹೊಳೆಯಲಿಲ್ಲ.

ಕಾರ್ಕ್ ಒಣಗಿಸಿ, ಉಜ್ಜಿ, ಸೂಪರ್ ಗ್ಲೂ ತೆಳ್ಳಗೆ ಮೂರು ಕೋಟ್. 6 ಡಾಲರ್. ಜೊತೆಗೆ ಎಥನಾಲ್ ಇಲ್ಲದ ಪೆಟ್ರೋಲ್ ಐದು ಗ್ಯಾಲನ್, 26 ಡಾಲರ್. ಈಗ ಸೋರುತ್ತಿಲ್ಲ.

ಜುಲೈ 6

ಶುರುವಾಯಿತು.

ಮೊದಲ ಎಳೆತಕ್ಕೆ ಏನಿಲ್ಲ. ಎರಡನೆಯದಕ್ಕೆ ಒಂದು ಬುಸ್. ಮೂರನೆಯ ಸಲ, ಕಿಡಿ ತಡವಾಗಿ ಹಾರಲಿ ಅಂತ ಇರುವ ಲಿವರ್ ಹಿಂದಕ್ಕೆ ತಳ್ಳುವುದನ್ನು ಮರೆತೆ. ಎಂಜಿನ್ ಉಲ್ಟಾ ಒದೆಯಿತು. ಹ್ಯಾಂಡಲ್ ಬಲಗೈ ಬೆರಳುಗಳಿಂದ ಕಿತ್ತುಕೊಂಡು ಹೋಯಿತು. ಬೆರಳು ಚುರುಗುಟ್ಟಿತು, ಅಷ್ಟೇ. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೋ ಅಂತ ಅಜ್ಜ ಮೂರು ಸಲ ಹೇಳಿದ್ದರು. ಐದನೆಯ ಎಳೆತಕ್ಕೆ ಹಿಡಿಯಿತು.

ನಾಲ್ಕು ಇಂಚು ಬೋರ್, ಐದು ಇಂಚು ಸ್ಟ್ರೋಕಿನ ಒಂದೇ ಸಿಲಿಂಡರ್. ಸದ್ದು ಥೇಟ್ ನಮ್ಮೂರ ಹಿಟ್ಟಿನ ಗಿರಣಿಯ ಪೀಟರ್ ಎಂಜಿನ್. ಡುಬ್, ಡುಬ್, ಡುಬ್. ಪ್ರತಿ ಡುಬ್‌ಗೂ ಇಡೀ ಕಾರು ತಲೆಯಾಡಿಸುತ್ತದೆ. ವಿಡಿಯೋ ಮಾಡಿ ಅಪ್ಪನಿಗೆ ಕಳಿಸಿದೆ. "ರಾಗಿ ಬೀಸ್ತಾರಾ?" ಅಂತ ವಾಯ್ಸ್ ಮೆಸೇಜ್ ಬಂತು.

ಜುಲೈ 20

ಹಿತ್ತಾಳೆ ದೀಪ ಬೆಳಗುವ ದಿನ. ಅಮ್ಮನ ಪದ್ಧತಿಯಂತೆ ಹುಣಸೆಹಣ್ಣು ಕಿವುಚಿ ಹಚ್ಚಿದೆ. ಒಂದು ದೀಪ ಫಳಫಳ. ಇನ್ನೊಂದಕ್ಕೆ ಹಚ್ಚಿ, ಊಟಕ್ಕೆ ಹೋಗಿ, ಮರೆತು, ಮಾರನೇ ದಿನ ಬಂದೆ. ಅಲ್ಲಲ್ಲಿ ಗುಲಾಬಿ ಬಣ್ಣದ ಮಚ್ಚೆ. ಹುಳಿ ಹಿತ್ತಾಳೆಯೊಳಗಿನ ಸತುವನ್ನು ತಿಂದು ತಾಮ್ರ ಮಾತ್ರ ಉಳಿಸಿತ್ತು. ಪಾಲಿಷ್ ಪೇಸ್ಟ್ ಹಾಕಿ ಎರಡು ಗಂಟೆ ಉಜ್ಜಿ ಹೋಗಲಾಡಿಸಿದೆ. ಐದು ನಿಮಿಷ ಸಾಕು, ತೊಳೆದುಬಿಡಿ. ದೀಪ ಹೊತ್ತಿಸುವ ಕಾರ್ಬೈಡ್ ಡಬ್ಬಿಯನ್ನು ಮಾತ್ರ ಮುಟ್ಟಿಲ್ಲ. ಊರಲ್ಲಿ ಮಾವು ಹಣ್ಣು ಮಾಡಲು ಕದ್ದು ಇಡುತ್ತಿದ್ದ ಕಾರ್ಬೈಡೇ ಅದು, ನೀರು ಬಿದ್ದರೆ ಉರಿಯುವ ಗ್ಯಾಸ್.

ಲೆಕ್ಕ

ಒಟ್ಟು 1081 ಡಾಲರ್. ಅದರಲ್ಲಿ 650 ಚಕ್ರಗಳಿಗೇ. ನನ್ನ ತಪ್ಪಿನ ಖಾತೆ ಬೇರೆ ಬರೆದಿಟ್ಟಿದ್ದೇನೆ: ಎಪಾಕ್ಸಿ 27, ಹಸಿ ಹಿಕರಿ 64, ವೆಲ್ಡಿಂಗ್ 120, ಅರಗು 14. ಒಟ್ಟು 225. ಅಜ್ಜ ಇದನ್ನು ನೋಡಿ, 1912ರಲ್ಲಿ ಲಿಬರ್ಟಿ ಬ್ರಷ್ ಅಂತ ಇದರ ಅಗ್ಗದ ಮಾಡೆಲ್ ಬಂದಾಗ ಇಡೀ ಕಾರಿಗೇ 350 ಡಾಲರ್ ಇತ್ತು ಅಂದರು. ಅಷ್ಟು ಅಗ್ಗ ಮಾಡಿಯೂ ಉಳಿಯಲಿಲ್ಲ. ಫ್ರಾಂಕ್ ಬ್ರಿಸ್ಕೋ ಅವರ ಅಣ್ಣ ಬೆಂಜಮಿನ್ ಕಟ್ಟಿದ ಯುನೈಟೆಡ್ ಸ್ಟೇಟ್ಸ್ ಮೋಟಾರ್ ಕಂಪನಿಯೊಳಗೆ ಬ್ರಷ್ ಸೇರಿಹೋಗಿತ್ತು. 1912ರಲ್ಲಿ ಆ ದೊಡ್ಡ ಕಂಪನಿಯೇ ದಿವಾಳಿಯಾಯಿತು. ಅದರಲ್ಲಿದ್ದ ಮ್ಯಾಕ್ಸ್‌ವೆಲ್ ಉಳಿದುಕೊಂಡು, ಮುಂದೆ ಕ್ರೈಸ್ಲರ್ ಆಯಿತು. ಬ್ರಷ್ ಮುಳುಗಿತು.

ಆಗಸ್ಟ್ 10

ಬೀದಿ ಸುತ್ತು. ಅಜ್ಜ ಸ್ಟಿಯರಿಂಗ್ ಹಿಡಿದರು, ನಾನು ಪಕ್ಕದಲ್ಲಿ. ಫೋನಿನಲ್ಲಿ ಅಳೆದ ದೂರ 1.2 ಮೈಲಿ, ವೇಗ ಗಂಟೆಗೆ 14 ಮೈಲಿ ದಾಟಲಿಲ್ಲ. ಉಬ್ಬಿನ ಮೇಲೆ ಹೋದಾಗ ಕಾರು ಜೋಲಿಯ ಹಾಗೆಯೇ ತೂಗಿತು. ನಾನು ಕಾಲ ಕೆಳಗಿನ ಅಚ್ಚಿನ ಕಡೆಗೇ ಕಿವಿ ಇಟ್ಟಿದ್ದೆ. ಅದು ಸುಮ್ಮನಿತ್ತು. ಬಲಗಡೆ ಚೈನು ಮಾತ್ರ ಸ್ವಲ್ಪ ಸಡಿಲ, ಗಾರ್ಡಿಗೆ ತಾಗಿ ಚರಚರ ಅನ್ನುತ್ತಿತ್ತು. ಎರಡು ಚೈನೂ ಒಂದೇ ಬಿಗಿ ಇರಬೇಕು, ಮುಂದಿನ ಶನಿವಾರ ಸರಿ ಮಾಡಬೇಕು.

ವಾಪಸ್ ಬಂದು ಟಾರ್ಚ್ ಹಿಡಿದು ಕೆಳಗೆ ತೂರಿದೆ. ಮುಂದಿನ ಅಚ್ಚು ಸರಿಯಾಗಿದೆ. ಹಿಂದಿನ ಅಚ್ಚಿನಲ್ಲಿ, ಬಲಗಡೆ ಬೋಲ್ಟಿನ ಪಕ್ಕ, ಕೂದಲೆಳೆಯಂಥ ಒಂದು ಗೆರೆ. ಉಗುರಿಗೆ ಸಿಗುತ್ತದೆ. ಹಳೆಯದೋ ಇವತ್ತಿನದೋ ಗೊತ್ತಿಲ್ಲ. ಗೆರೆ ಮುಗಿಯುವ ಜಾಗಕ್ಕೆ ಪೆನ್ಸಿಲಿನಲ್ಲಿ ಅಡ್ಡಗೀಟು ಹಾಕಿ, ಪಕ್ಕದಲ್ಲಿ ತಾರೀಖು ಬರೆದೆ. ಮೇಲಿನಿಂದ ಅಜ್ಜ, "ಏನಾದರೂ ಇದೆಯಾ?" ಅಂತ ಕೇಳಿದರು. ಆಮಿಶ್ ಮನುಷ್ಯನ ಅಟ್ಟದ ಮೇಲೆ ಇನ್ನೂ ಎಷ್ಟು ಹಿಕರಿ ಇತ್ತು ಅಂತ ನಾನು ಆಗಲೇ ಎಣಿಸುತ್ತಿದ್ದೆ.